ಬೂದು

ದುರ್ಗಿಗುಡಿಯ ಮೂರನೇ ಮಹಡಿಯಲ್ಲಿ
ಒಂದೇ ಸರ್ವರು ಇಡೀ ಜಿಲ್ಲೆಯ ನಾಡಿ ಹಿಡಿದು ಕೂತಿತ್ತು:
ಮುನ್ನೂರ ಎಂಬತ್ತು ಹಾಲಿನ ಸೊಸೈಟಿ,
ತಕ್ಕಡಿ, ಫ್ಯಾಟ್ ಮೀಟರು, ಶೀತಲ ತೊಟ್ಟಿ, ಜನರೇಟರು.
ನಿಮಿಷಕ್ಕೊಮ್ಮೆ ಎಲ್ಲವನ್ನೂ ಕೇಳಬೇಕು: ಇದ್ದೀಯಾ? ಇದ್ದೀಯಾ?
ನಸುಕಿಗೆ ಕ್ಯಾನುಗಳು ಬರುವ ಹೊತ್ತಿಗೆ
ಕೇಳಿ ಕೇಳಿಯೇ ಸುಸ್ತಾಗಿ
ನಿನ್ನೆಯ ಉತ್ತರವನ್ನೇ ಇವತ್ತಿನದೆಂದು ತೋರಿಸುತ್ತಿತ್ತು.

ಮರ ಕಡಿಯೋಣ, ಅಂದರು ಜೆರೋಮ್ ಸರ್.
ಬಿಳಿ ಹಲಗೆಯ ಮೇಲೆ ತಲೆಕೆಳಗಾದ ಮರ;
ತುದಿಯಲ್ಲಿ ಬುಡ, ಅದರ ಹೆಸರು ‘ಬೆಳಗಿನ ಹಾಲು’.
ಕೆಳಗೆಲ್ಲ ಯಾವುದು ಯಾವುದನ್ನು ನೆಚ್ಚಿದೆ ಎಂಬ ಗೆರೆ.
ಕರೆಂಟು ಹೋಗಿ ಜನರೇಟರಿದ್ದರೆ ಹಳದಿ,
ಎರಡೂ ಹೋದರೆ ಕೆಂಪು,
ತಕ್ಕಡಿ ಕೆಟ್ಟರೆ ಹಳದಿಯೇ ಸಾಕು, ಲೀಟರ್ ಪಾತ್ರೆ ಇದೆಯಲ್ಲ.

ಸಾಗರದ ಕೊಂಬೆ ಸಾಗರಕ್ಕೆ,
ಶಿಕಾರಿಪುರದ್ದು ಶಿಕಾರಿಪುರಕ್ಕೆ, ಹೊಸನಗರದ್ದು ಅಲ್ಲಿಗೇ.
ಎಲೆಗಳ ಲೆಕ್ಕ ಅಲ್ಲಲ್ಲಿನ ಸರ್ವರಿಗಿರಲಿ,
ಇಲ್ಲಿಗೆ ಒಂದೇ ಒಂದು ಮಾತು ಬಂದರೆ ಸಾಕು.

ನಾನು ಒಪ್ಪಿರಲಿಲ್ಲ.
ಒಂದು ಮಾತಲ್ಲಿ ಏನು ಗೊತ್ತಾಗುತ್ತೆ?
ಹಾಸ್ಟೆಲ್ಲಿನಿಂದ ತಂಗಿಯೂ ಆರಾಮು ಅಂತಾಳೆ, ಯಾವಾಗಲೂ.

ಬುಧವಾರ ರಾತ್ರಿ ಮೂರೂಕಾಲು.
ಹೊಸನಗರ ಬೂದಾಯಿತು.

ಕೆಂಪಲ್ಲ. ಕೆಂಪಾದರೆ ಯಾರನ್ನು ಎಬ್ಬಿಸಬೇಕೆಂದು
ಗೋಡೆಗೆ ಪಟ್ಟಿ ಅಂಟಿಸಿದೆ.
ಬೂದು ಅಂದರೆ ಸತ್ತಿದೆ ಅಂತಲ್ಲ,
ಬದುಕಿದೆ ಅಂತಲೂ ಅಲ್ಲ,
ನನಗೆ ಗೊತ್ತಿಲ್ಲ ಅಂತ.
ಗೊತ್ತಿಲ್ಲದ್ದನ್ನು ಕೆಂಪೆಂದೇ ಎಣಿಸು:
ನಿಯಮ ಬರೆದವಳು ನಾನೇ.
ನೋಡುತ್ತಿದ್ದಂತೆ ತುದಿಯವರೆಗೂ ಏರಿತು ಕೆಂಪು,
ಇಡೀ ಜಿಲ್ಲೆಯ ಹಾಲು ಒಡೆದ ಹಾಗೆ.

ಟೀಕಪ್ಪ ನಾಲ್ಕನೇ ಸಲಕ್ಕೆ ಫೋನೆತ್ತಿದ.
‘ಇಲ್ಲೆಲ್ಲಾ ಹಸಿರೇ ಐತಲ್ರಾ ಅಮ್ಮ,
ತೊಟ್ಟಿ ಗುಂಯ್ ಅಂತೈತೆ, ನಾಲ್ಕು ಡಿಗ್ರಿ.
ರಿಪ್ಪನ್‌ಪೇಟೆ ದಾರೀಲಿ ಸಂಜೆ ರಸ್ತೆ ಅಗೀತಿದ್ರು,
ನಿಮ್ಮ ಕೇಬಲ್ಲಿಗೇ ಹಾರೆ ಬಿತ್ತೋ ಏನೋ.’
ಕೆಮ್ಮಿದ. ಆಮೇಲೆ ತಾನೇ ಕೇಳಿದ:
‘ಅಲ್ಲೆಲ್ಲ ಸಮಾ ಇದ್ದೀರಾ?
ನಮ್ ಪರದೆ ಮ್ಯಾಲೆ ಶಿವಮೊಗ್ಗನೇ ಬೂದಾಗೈತೆ,
ಹೆಂಗೆ ಕೇಳೋದು ಅಂತ ಕೂತಿದ್ದೆ.’

ಕೈಯಲ್ಲಿ ಫೋನು, ತಲೆ ಮೇಲೆ ಟ್ಯೂಬ್‌ಲೈಟು,
ನನ್ನ ಮುಂದೆ ಆರಿದ ಚಾ.
ಇದ್ದೀವಿ ಟೀಕಪ್ಪ, ಅಂದೆ.

ಐದಕ್ಕೆ ಕ್ಯಾನುಗಳು ಬಂದವಂತೆ. ನಾನು ನೋಡಲಿಲ್ಲ.
ಗೋಡೆಯ ಪಟ್ಟಿಯ ಕೊನೆಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದೆ:
ಬೂದು ಆದರೆ ಟೀಕಪ್ಪ. ನಾಲ್ಕು ಸಲ ಮಾಡಬೇಕು.