ಪಿ.ಪಿ. ಕಾಲ್

ಬುಧವಾರ, ಎಂಟೂ ಹತ್ತರ ಸ್ಲೋ ಲೋಕಲು.
ಮಾಟುಂಗದಿಂದ ಪರೇಲಿಗೆ ಎರಡೇ ಸ್ಟೇಷನ್ನು,
ಕೂರುವ ಆಸೆ ಇಟ್ಟುಕೊಳ್ಳಬಾರದು.
ಬ್ಯಾಗಿನಲ್ಲಿ ನೀಲಿ ಏಪ್ರನ್, ಎರಡು ಚಪಾತಿ,
ನನಗಿಂತ ಹತ್ತು ವರ್ಷ ಚಿಕ್ಕವಳ ಫೋಟೋ ಇರುವ ನನ್ನ ಬ್ಯಾಡ್ಜು.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಸೆಟ್ಟು ಸಿಕ್ಕಿಸಿಕೊಂಡು ಕೂತವಳು.
ಅಕೋಲಾ, ತಡೆಯಿರಿ. ಹುಬ್ಬಳ್ಳಿ, ಮಾತಾಡಿ.
ಮೂರು ನಿಮಿಷ ಆಯಿತು, ಮುಂದುವರಿಸಲೇ?
ಪಿ.ಪಿ. ಕಾಲಿಗೆ ದರ ಹೆಚ್ಚು:
ಇಂಥವರೇ ಬೇಕು ಎಂದರೆ ಆ ಊರಿನ ಅಂಗಡಿಯವನು
ಓಡಿಹೋಗಿ ಕರೆತರಬೇಕು. ಅಲ್ಲಿಯವರೆಗೆ ಲೈನಿನಲ್ಲಿ
ಕೋಳಿಯ ಕೂಗು, ಸೈಕಲ್ ಬೆಲ್ಲು.
ಮಾತು ದಾಟಿಸುವುದಷ್ಟೇ ಕೆಲಸ, ಕೇಳಿಸಿಕೊಳ್ಳುವುದಲ್ಲ.
ಸತ್ತ ಸುದ್ದಿಗಳೆಷ್ಟೋ ನನ್ನ ಬೆರಳ ಸಂದಿನಿಂದ ಹೋದವು.
ನಾನು ಚಹಾ ಕುಡಿಯುತ್ತಿದ್ದೆ.

ಆಸ್ಪತ್ರೆಯ ಗೋಡೆಗೆ ಒರಗಿ ಫುಟ್‌ಪಾತಿನಲ್ಲಿ
ಊರುಗಳು ಮಲಗಿವೆ. ಮಾಲ್ದಾ, ದರ್ಭಂಗಾ, ಶಹಾಪುರ.
ಮೇಲೆ ಪ್ಲಾಸ್ಟಿಕ್ಕು, ದಿಂಬಿನಡಿ ಎಕ್ಸ್‌ರೇ.
ಯಾವುದೋ ಹಿಮದ ದೇಶದ ಅಜ್ಜಿಯರು ಹೆಣೆದು ಕಳಿಸಿದ
ಉಲ್ಲನ್ ಟೊಪ್ಪಿಗೆಗಳ ಪೆಟ್ಟಿಗೆ ಮೇ ತಿಂಗಳಲ್ಲಿ ಬಂದಿಳಿದಾಗ
ನಾವೆಲ್ಲ ನಕ್ಕಿದ್ದೆವು.
ಕೂದಲುದುರಿದ ಹುಡುಗಿಯೊಬ್ಬಳು ಕೆಂಪನೆಯದನ್ನು ಆರಿಸಿ
ಹಾಕಿಕೊಂಡಳು. ಬೆವರಿದಳು, ಬಿಚ್ಚಲಿಲ್ಲ.

ಫ್ರೇನಿ ಬಾಯಿ ಮೊದಲ ದಿನವೇ ಹೇಳಿದ್ದರು:
ದುಡ್ಡು ಕೊಡಕೂಡದು, ನಂಬರು ಕೊಡಕೂಡದು,
ಅವರೆದುರು ಅಳಕೂಡದು.
ಮೂರನೆಯದನ್ನು ಮಾತ್ರ ಪಾಲಿಸಿದ್ದೇನೆ.

ಶಹಾಪುರದ ಕಡೆಯ ಬಂಡೆಪ್ಪ, ಹತ್ತಿ ಮಿಲ್ಲಿನ ಹಮಾಲ.
ಹೆಂಡತಿ ಸಾಬವ್ವ ಫೈಲನ್ನು ಬಿಸಿ ರೊಟ್ಟಿಯ ಹಾಗೆ
ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು.
ನನ್ನದು ಮಂಗಳೂರಲ್ಲಿ ಹುಟ್ಟಿ ಮಾಟುಂಗದಲ್ಲಿ ಒಣಗಿದ ಕನ್ನಡ.
"ನೋವು ಎಷ್ಟಿದೆ?" ಅಂದೆ.
"ಬ್ಯಾನಿ ಏನ್ರಿ?" ಅಂದಳು.
ಹೌದು, ಬ್ಯಾನಿ. ಅರವತ್ತಾರನೇ ವಯಸ್ಸಿನಲ್ಲಿ
ನೋವಿಗೆ ಇನ್ನೊಂದು ಹೆಸರು ಕಲಿತೆ.

ಡಾಕ್ಟರು ಇನ್ನೂ ಹುಡುಗ. ಹಿಂದಿಯಲ್ಲಿ ಒಂದೇ ವಾಕ್ಯ ಹೇಳಿ
ಪೆನ್ನಿನ ಕ್ಯಾಪು ಮುಚ್ಚಿದ.
ಲೈನು ನನ್ನ ಕೈಯಲ್ಲಿತ್ತು.
"ತೆಗೀಬೇಕಂತೆ."
"ಏನ್ ತೆಗೀಬೇಕಂತ್ರಿ?"
ಪದ ಗೊತ್ತಿತ್ತು. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುವ ಪದ.
ಬಾಯಿ ತೆರೆದು ನನ್ನದನ್ನೇ ಹೊರಗೆ ಚಾಚಿ ತೋರಿಸಿದೆ.
ಬಂಡೆಪ್ಪ ನೋಡಿದ. ನಕ್ಕ.
ಆಮೇಲೆ ಗೋಡೆಯ ಕಡೆ ತಿರುಗಿದ.

ಅವತ್ತು ರಾತ್ರಿ ಅನ್ನ ಕಲಸಿದೆ.
ಉಪ್ಪು, ಹುಳಿ, ಕೊನೆಗೆ ಒಂದು ಕಾಳು ಮೆಣಸೂ
ಗೊತ್ತಾಗುತ್ತಿತ್ತು. ನಾಚಿಕೆಯಾಯಿತು.

ಎಂಟು ಬುಧವಾರ. ಅಲ್ಲ, ಏಳು.
ಹಿಂದ್‌ಮಾತಾದಲ್ಲಿ ಸೊಂಟದವರೆಗೆ ನೀರು ನಿಂತ ದಿನ ಹೋಗಲಾಗಲಿಲ್ಲ.

ಈಗ ಅವನ ಮೂಗಿನಲ್ಲಿ ನಳಿಕೆ, ಮಾತೆಲ್ಲ ಕೈಗಿಳಿದಿದೆ.
ಚೀಲ ಹೊತ್ತ ದೊಡ್ಡ ಕೈ. ಅದರ ಭಾಷೆ ನನಗೆ ಬಾರದು,
ಸಾಬವ್ವನಿಗೆ ಬರುತ್ತದೆ.
ಕೈಯಿಂದ ಅವಳಿಗೆ, ಅವಳಿಂದ ನನಗೆ, ನನ್ನಿಂದ ಡಾಕ್ಟರಿಗೆ,
ಗುಲ್ಬರ್ಗ ಸೊಲ್ಲಾಪುರ ಪುಣೆ ಬಾಂಬೆ ಅಂತ
ನಾವು ಲೈನು ಜೋಡಿಸುತ್ತಿದ್ದ ಹಾಗೆ.
ನಡುವೆ ಎಲ್ಲೋ ಗರಗರ. ಏನೋ ಉದುರಿಹೋಗುತ್ತದೆ.

ಇವತ್ತು ಅವನು ನನ್ನನ್ನೇ ತೋರಿಸಿ
ಐದೂ ಬೆರಳು ಕೂಡಿಸಿ ಬಾಯಿಯತ್ತ ಒಯ್ದು
ಹುಬ್ಬು ಎತ್ತಿದ.
ಡಾಕ್ಟರಿಗೆ ಗಾಬರಿ. ಏನಂತೆ? ನಳಿಕೆ ಚುಚ್ಚುತ್ತಿದೆಯೇ?
ಸಾಬವ್ವ ನನ್ನ ಕಡೆ ತಿರುಗಿದಳು:
"ನೀವು ಉಂಡ್ರೇನು ಅಂತ ಕೇಳಾಕತ್ತಾರ್ರಿ."

ಚಪಾತಿ ಬ್ಯಾಗಿನಲ್ಲಿ ಹಾಗೇ ಇತ್ತು.
"ಏನಂತೆ?" ಡಾಕ್ಟರು ಮತ್ತೆ ಕೇಳಿದ.
ಮೂವತ್ತೊಂದು ವರ್ಷದಲ್ಲಿ ನನ್ನ ಹೆಸರಿಗೆ ಒಂದೂ ಬಂದಿರಲಿಲ್ಲ.
"ಪಿ.ಪಿ. ಕಾಲ್," ಅಂದೆ.
ಅವನು ಹುಟ್ಟುವ ಹೊತ್ತಿಗೇ ಅದು ನಿಂತುಹೋಗಿತ್ತು.
ಪೆನ್ನಿನ ಕ್ಯಾಪು ತೆಗೆದು ಕಾದ,
ಬರೆದುಕೊಳ್ಳಲು.