ಮೂರು ಗಂಟೆಯ ಸಭೆ

ಪಾಲಕರ ಸಭೆ. ಗುರುವಾರ. ಮಧ್ಯಾಹ್ನ ಮೂರು ಗಂಟೆ.
ಕಡ್ಡಾಯವಾಗಿ ಹಾಜರಿರತಕ್ಕದ್ದು ಎಂದು
ನಾನೇ ಬರೆದೆ, ಕಡ್ಡಾಯದ ಕೆಳಗೆ ಗೆರೆ ಎಳೆದೆ,
ನಲವತ್ತೊಂದು ಚೀಟಿ ಹರಿದು
ನಲವತ್ತೊಂದು ಪಾಟೀಚೀಲದಲ್ಲಿ ಕಳಿಸಿದೆ.

ಬಂದವರು ನಾಲ್ಕು ಜನ.
ಅದರಲ್ಲೊಬ್ಬ ಬೇರೆ ತರಗತಿಯ ಹುಡುಗನ ತಂದೆ,
ಕೋಣೆ ತಪ್ಪಿ ಬಂದಿದ್ದ, ಚಹಾ ಕುಡಿದು ಹೋದ.

ಉಳಿದ ಬಿಸ್ಕತ್ತನ್ನು ಡಬ್ಬಿಗೆ ತುಂಬುತ್ತ
ಸ್ಟಾಫ್ ರೂಮಿನಲ್ಲಿ ಆಡಿದ ಮಾತು
ಎಲ್ಲ ಶಾಲೆಗಳಲ್ಲೂ ಆಡುವ ಮಾತೇ:
ಈ ಜನಕ್ಕೆ ಮಕ್ಕಳ ಕಾಳಜಿ ಇಲ್ಲ.
ಆಡಿದವರಲ್ಲಿ ನಾನೂ ಇದ್ದೆ. ಬರೆದಿಡುತ್ತೇನೆ.

ಮುಬೀನಾಳ ತಾಯಿ ಹಾಜಿರಾಬಿ.
ಹೆಸರಿನಲ್ಲಷ್ಟೇ ಹಾಜರಿ, ಎಂದು
ಜೋಕು ಮಾಡಿದ್ದೂ ನಾನೇ.

ಚೀಟಿ ಕೊಟ್ಟೆಯಾ? ಕೊಟ್ಟೆ ಮಿಸ್.
ಓದಿ ಹೇಳಿದೆಯಾ? ಹೇಳಿದೆ ಮಿಸ್.
ಮತ್ತೆ?
ಮೂರು ಗಂಟೆಗೆ ಅಮ್ಮಿ ಮಲಗಿರ್ತಾಳೆ.
ಹಾಗಾದರೆ ರಾತ್ರಿ?
ರಾತ್ರಿ ಇರಲ್ಲ ಮಿಸ್,
ಎಂದವಳು ಬಗ್ಗಿ ರಬ್ಬರು ಹುಡುಕತೊಡಗಿದಳು.

ಶನಿವಾರ, ಇನ್ನೂ ಕತ್ತಲು,
ಗಾಡಿ ನಿಲ್ಲಿಸಿ ಮಂಡಕ್ಕಿ ಭಟ್ಟಿಗಳ ಸಾಲಿಗೆ ನಡೆದೆ.
ದಾವಣಗೆರೆಗೆ ಬಂದು ಹನ್ನೊಂದು ವರ್ಷ,
ಸಂಜೆಯಾದರೆ ಖಾರಾ ಮಂಡಕ್ಕಿ, ಜೊತೆಗೆರಡು ಮಿರ್ಚಿ,
ಭಟ್ಟಿ ನೋಡಿದ್ದು ಅವತ್ತೇ ಮೊದಲು.

ಹೊಟ್ಟಿನ ಹೊಗೆ. ನೆಲ ಕಪ್ಪು, ಗೋಡೆ ಕಪ್ಪು,
ನಡುವೆ ಕಾದ ಮರಳು.
ಉಪ್ಪುನೀರು ಕುಡಿದ ಅಕ್ಕಿ ಅದಕ್ಕೆ ಬಿದ್ದು
ಒಂದೇ ಉಸಿರಿಗೆ ಬೆಳ್ಳಗಾಗುತ್ತಿತ್ತು.
ಅಂಥ ಬಿಳುಪನ್ನು ನಾನು
ಸೀಮೆಸುಣ್ಣದ ಪೆಟ್ಟಿಗೆಯಲ್ಲೂ ಕಂಡಿರಲಿಲ್ಲ.

ಹಾಜಿರಾಬಿ ಜರಡಿ ಕೆಳಗಿಡಲಿಲ್ಲ.
ಏನ್ ತಪ್ ಮಾಡ್ಯಾಳ್ರೀ ಹುಡುಗಿ?
ಶಾಲೆಯವರು ಹುಡುಕಿಕೊಂಡು ಬಂದರೆ
ಅದು ದೂರಿಗೇ ಇರಬೇಕು.
ಆಕೆಯ ಲೆಕ್ಕ ಸರಿ. ಬೇರೆ ಯಾವುದಕ್ಕೆ
ನಾವು ಯಾರ ಬಾಗಿಲಿಗೆ ಹೋಗಿದ್ದೇವೆ?

ಸುಮ್ಮನೆ ಬಂದೆ, ಎಂದೆ.
ಪಕ್ಕದ ಭಟ್ಟಿಯವನೂ ತಿರುಗಿ ನೋಡಿದ.

ನಿಮ್ ಬೆಲ್ಲು ನಮಗೂ ಕೇಳ್ತತ್ರೀ ಮಿಸ್ಸೋರೆ.
ಮೊದಲ್ನೇ ಬೆಲ್ಲಿಗೆ ಒಲಿ ಆರಿಸ್ತೀವಿ,
ಎರಡನೇದು ಹೊಡೆಯಾದ್ರಾಗ ಚೀಲ ಹೊಲ್ದು ಮುಗಿಬೇಕು.
ಊಟದ ಬೆಲ್ಲಿಗೆ, ಈಗ ನಮ್ ಹುಡುಗಿ ಉಣ್ತಿರ್ತಾಳ ಅಂತ
ನಾನೂ ತಟ್ಟಿ ಹಾಕ್ಕಂತೀನಿ. ಆಮ್ಯಾಲೆ ನಿದ್ದಿ.
ಮೊನ್ನೆ ಸೋಮವಾರ ಅದು ತಡ ಆತು. ಯಾಕ್ರೀ?

ಸೋಮವಾರ
ಜವಾನ ನಿಂಗಜ್ಜ ರಜೆ ಹಾಕಿದ್ದ.
ಬೆಲ್ಲು ಹೊಡೆಯಲು ಮರೆತವಳು ನಾನು,
ಐದೇ ನಿಮಿಷ.
ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ.

ಆಮೇಲೆ ಒಬ್ಬೊಬ್ಬರೇ ಬಂದು
ತುಂಬಿದ ಚೀಲಗಳ ಮೇಲೆ ಕೂತರು.
ಪ್ರಾಜೆಕ್ಟು ಅಂದ್ರೇನ್ರೀ,
ಅದಕ್ಕೆ ಬಣ್ಣದ ಹಾಳೆನೇ ಯಾಕ್ ಬೇಕು?
ಮೊಟ್ಟೆ ಯಾವ್ಯಾವ ದಿನ?
ಹೆಣ್ಮಕ್ಕಳ ಕಕ್ಕಸಿನ ಚಿಲಕ ಕಿತ್ತು
ಎರಡು ತಿಂಗಳಾತಂತಲ್ಲ, ನಿಮಗ್ ಗೊತ್ತೈತಾ?

ಗೊತ್ತಿರಲಿಲ್ಲ.
ನಮ್ಮ ಮನೆಗಳ ಸುದ್ದಿಯೆಲ್ಲ ಮಕ್ಕಳ ಬಾಯಲ್ಲಿ
ಇಲ್ಲಿಯವರೆಗೂ ನಡೆದು ಬಂದಿತ್ತು,
ನನ್ನ ಮೇಜಿನವರೆಗೆ ಬಂದಿರಲಿಲ್ಲ.

ಬಿಡ್ರೀ, ನಾನ್ ಹಾಕ್ತೀನಿ, ಎಂದ
ಆಚೆ ಸಾಲಿನ ಮಾಬುಸಾಬ.

ಹಾಜರಿ ಪುಸ್ತಕ ತೆಗೆದೆ. ಹತ್ತೊಂಬತ್ತು ಜನ.
ಸಹಿ ಮಾಡಿದವರು ಏಳು.
ಶಾಯಿಪ್ಯಾಡು ಮರೆತು ಬಂದಿದ್ದೆ.
ಬೇಕಾಗಲಿಲ್ಲ.

ಮುಂದಿನ ಸಭೆಯೂ ಮೂರಕ್ಕೇ ಆಯಿತು,
ಹೆಡ್‌ಮಾಸ್ಟರು ಸಮಯ ಬದಲಿಸಲು ಒಪ್ಪಲಿಲ್ಲ.
ಒಂಬತ್ತು ಜನ ಬಂದರು.
ಹಾಜಿರಾಬಿ ಕಣ್ಣುಜ್ಜುತ್ತ ಬಂದು
ಕೊನೆಯ ಬೆಂಚಿನಲ್ಲಿ ಕೂತಲ್ಲೇ ತೂಕಡಿಸಿದಳು.
ಯಾರೂ ಎಬ್ಬಿಸಬೇಡಿ ಎಂದೆ.

ಚಿಲಕ ಸ್ವಲ್ಪ ಬಿಗಿ, ಚಿಕ್ಕವರಿಗೆ ಎರಡೂ ಕೈ ಬೇಕು.

ನಿಂಗಜ್ಜ ಇಲ್ಲದ ದಿನ ಬೆಲ್ಲು ನನ್ನದು.
ಸುತ್ತಿಗೆ ಎತ್ತಿ ಗಡಿಯಾರವನ್ನು ಇನ್ನೊಮ್ಮೆ ನೋಡುತ್ತೇನೆ.
ಅತ್ತ ಒಲೆಯ ಮುಂದೆ
ಒಬ್ಬಳು ಕಿವಿಗೊಟ್ಟು ನಿಂತಿದ್ದಾಳೆ.