ಏಳನೇ ಕಿಟಕಿ

ಮೋರ್ಕಂಬಿನ ಕಡಲದಂಡೆಯ ಸಭಾಂಗಣದಲ್ಲಿ
ಹದಿನಾಲ್ಕು ದೇಶಗಳು ಹಾಡಿದ ರಾತ್ರಿ
ಮಿಸೆಸ್ ಹೆಸ್ಕೆತ್ ಒಂದು ದೇಶವನ್ನೂ ನೋಡಲಿಲ್ಲ.
ಅಂಕದ ಹಲಗೆಯ ಹಿಂದೆ, ಬಣ್ಣದ ಡಬ್ಬಿಯ ಮೇಲೆ ಕೂತು
ಮೊಳೆಗೆ ಅಂಕಿ ತೂಗುಹಾಕುವುದು ಅವರ ಕೆಲಸ.
ಸಂಜೆಗೆ ಮೂರು ಪೌಂಡು, ಒಂದು ಹ್ಯಾಮ್ ಸ್ಯಾಂಡ್‌ವಿಚ್ಚು.

ನಾನು ಅವರ ಮಹಡಿಯ ಬಾಡಿಗೆಯವನು.
ಇದನ್ನು ಕೇಳಿದ್ದು ವರ್ಷಗಳ ಮೇಲೆ, ಅವರ ಅಡುಗೆಮನೆಯಲ್ಲಿ,
ಹೀಟರಿಗೆ ನಾಣ್ಯ ಹಾಕಿ ಹಾಕಿ.

"ಹಲಗೆ ಹಿಂದೆ ಹಾಡಿಗೆ ಮುಖ ಇರೋಲ್ಲ" ಅಂದರು.
"ಪ್ಲೈವುಡ್ಡಿನ ಬೆನ್ನು ನಡುಗತ್ತೆ, ಅಷ್ಟೆ.
ಇಟಲಿಗೆ ಜೋರಾಗಿ ನಡುಗಿತು. ನಮ್ಮವರಿಗೆ, ಪರವಾಗಿಲ್ಲ.
ಫ್ರಾನ್ಸಿನ ಹುಡುಗಿ ಹಾಡುವಾಗ ನಡುಗಲೇ ಇಲ್ಲ,
ಮೊಳೆಗಳು ಮಾತ್ರ ಸಣ್ಣಗೆ ಗುಂಯ್ ಅಂದವು."

ಸೊಲಾಂಜ್ ಕೆರ್ವೆಲ್ಲಾ. ಹೆಸರು ಸಿಕ್ಕಿದ್ದು ಆಮೇಲೊಂದು ದಿನ
ಮೀನು ಸುತ್ತಿಕೊಟ್ಟ ಪತ್ರಿಕೆಯಲ್ಲಿ, ಎಣ್ಣೆಯ ಕಲೆಯ ಪಕ್ಕ.

ಹಾಡಿನಲ್ಲಿ ಮತ್ತೆ ಮತ್ತೆ 'ದ್ಮ್ಯಾಂ', 'ದ್ಮ್ಯಾಂ'.
ಇವರಿಗೆ ಕೇಳಿಸಿದ್ದು 'ದ ಮ್ಯಾನ್'.
ಯಾವ ಗಂಡಸಪ್ಪಾ ಅಂತ ಯೋಚಿಸುತ್ತ ಕೂತರಂತೆ;
ಹೇಶಮ್ ಬಂದರಿನಿಂದ ಹಡಗು ಹತ್ತಿ ಹೋದ
ತಮ್ಮವನ ಸುದ್ದಿ ಫ್ರಾನ್ಸಿಗೂ ಮುಟ್ಟಿರಬೇಕು ಅಂತ.

ಗಂಡಸಲ್ಲ, ನಾಳೆ ಅಂತ ಅರ್ಥ, ಅಂದೆ.
ನಮ್ಮ ಕಡೆ ಅದನ್ನ ಬಾಗಿಲ ಮೇಲೆ ಬರೀತಾರೆ, ನಾಳೆ ಬಾ,
ದೆವ್ವ ಓದಿಕೊಂಡು ವಾಪಸು ಹೋಗಲಿ ಅಂತ.
"ಹೋಗತ್ತಾ?"
ಓದು ಬಂದರೆ.

ಅಂಕಗಳು ಊರೂರಿನಿಂದ ಫೋನಿನಲ್ಲಿ ಬಂದವು,
ಗಂಟಲು ಕಟ್ಟಿದ ತಂತಿಗಳಲ್ಲಿ.
ಬ್ರಸೆಲ್ಸಿನ ಗುಮಾಸ್ತ ಕೇಳಿಸಿಕೊಂಡು
ಚೀಟಿಯಲ್ಲಿ ಗೀಚಿ ಇವರ ಕೈಗೆ.
ಏಳನೇ ಕಿಟಕಿ ಫ್ರಾನ್ಸಿನದು.
ಓಸ್ಲೋ, ಸೊನ್ನೆ. ಲಿಸ್ಬನ್, ಸೊನ್ನೆ.
ಡಬ್ಲಿನ್ ಕೆಮ್ಮಿ, ಕ್ಷಮೆ ಕೇಳಿ, ಸೊನ್ನೆ.
ಕೊನೆಗೊಂದು ಚೀಟಿ: ಉದ್ದ ಮೂಗು, ಅದಕ್ಕೊಂದು ಕಾಲು.
ಮಿಸೆಸ್ ಹೆಸ್ಕೆತ್ ಏಳನ್ನು ತೂಗುಹಾಕಿದರು.

ಆಚೆ ಸಭೆ ಹೋ ಅಂದಿತು.
ಹನ್ನೊಂದು ಸೆಕೆಂಡು.
ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಬೀಳಿಸಿ ಎದ್ದ ಸದ್ದು.
ಒಂದು ನಗು. ಹಾಡಿದ ಗಂಟಲಿನದೇ.

ಗುಮಾಸ್ತ ಬೆವರುತ್ತ ಓಡಿಬಂದ:
ಏಳಲ್ಲ ತಾಯಿ, ಒಂದು! ನಮ್ಮ ಒಂದು ಇರೋದೇ ಹಾಗೆ,
ಏಳಾಗಿದ್ದರೆ ಸೊಂಟಕ್ಕೊಂದು ಪಟ್ಟಿ ಇರತ್ತೆ.

ಹಬೆ ಹಿಡಿದ ಕಿಟಕಿಯ ಗಾಜಿನ ಮೇಲೆ
ನಾನು ನಮ್ಮ ಒಂದನ್ನು ಬರೆದು ತೋರಿಸಿದೆ:
ಮುಚ್ಚಲು ಮರೆತ ಸೊನ್ನೆ.
ತಲೆ ವಾರೆ ಮಾಡಿ ಬಹಳ ಹೊತ್ತು ನೋಡಿದರು.

ಆದರೆ ಮಧ್ಯಾಹ್ನದ ರಿಹರ್ಸಲ್ಲಿನಲ್ಲಿ
ಅವನ ಒಂದನ್ನ ಹತ್ತಾರು ಸಲ ನೋಡಿದ್ದಿರಲ್ಲ, ಅಂದೆ.
ಆಗೆಲ್ಲ ಒಂದನ್ನೇ ಹಾಕಿದ್ದೆ ಅಂತ ನೀವೇ ಹೇಳಿದಿರಿ.

ನಾಣ್ಯ ತೀರಿ ಹೀಟರು ಟಕ್ ಅಂದಿತು.
ಅವರು ಎದ್ದು ಕೆಟಲಿಗೆ ನೀರು ಹಿಡಿದರು,
ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು.
ಗಾಜಿನ ಮೇಲೆ ನನ್ನ ಒಂದು ಕಣ್ಣೀರಿಳಿದು
ಇನ್ಯಾವುದೋ ಅಂಕಿಯಾಗುತ್ತಿತ್ತು.

"ದ ಮ್ಯಾನ್" ಅಂದರು, ಬೆನ್ನು ತಿರುಗಿಸದೆ,
"ದ ಮ್ಯಾನ್ ಕೇಳು, ಹೇಳ್ತೀನಿ."